ಸಿಡ್ನಿಯ ಕಾಕಟೂ ದ್ವೀಪ: ಮಾರದೆ ಉಳಿಸಿಕೊಂಡ ನೆಲದ ಲೆಕ್ಕ

ಹಡಗುಗಳು ದೊಡ್ಡದಾದವು, ಕಂಟೇನರ್ ಬಂತು, ಬಂದರು ಊರಿನಿಂದ ಹೊರಗೆ ಹೋಯಿತು. ಹಿಂದೆ ಉಳಿದ ಧಕ್ಕೆ, ಗೋದಾಮು, ಕಾರ್ಖಾನೆಗಳ ನೆಲವನ್ನು ಏನು ಮಾಡಬೇಕು? ಮುಂಬೈಯ ಪೂರ್ವ ದಡದ ಬಂದರು ಭೂಮಿಯ ಬಗ್ಗೆ ವರ್ಷಗಳಿಂದ ನಡೆಯುತ್ತಿರುವ ಜಗ್ಗಾಟ ಇದೇ. ಕೊಚ್ಚಿಯ ಹಳೆಯ ಮಸಾಲೆ ಗೋದಾಮುಗಳಲ್ಲಿ 2012ರ ಡಿಸೆಂಬರ್ 12ರಂದು ಶುರುವಾದ ಕೊಚ್ಚಿ-ಮುಜಿರಿಸ್ ಬಿನಾಲೆ ಈ ಪ್ರಶ್ನೆಗೆ ಒಂದು ಬಗೆಯ ಉತ್ತರ. ಆದರೆ ಈ ಪ್ರಶ್ನೆಯನ್ನು ಬಹಳ ಮೊದಲೇ ಎದುರಿಸಿ, ಒಂದಿಡೀ ದ್ವೀಪವನ್ನೇ ಜನರ ಕೈಗೆ ಮರಳಿಸಿದ ಊರು ಸಿಡ್ನಿ. ಅಲ್ಲಿ ಏನು ಸರಿಯಾಯಿತು, ಯಾವ ಬಾಕಿ ಹಾಗೆಯೇ ಉಳಿಯಿತು ಎಂದು ನೋಡುವುದು ನಮ್ಮ ಕಡೆಯವರಿಗೂ ಪ್ರಯೋಜನದ ಕೆಲಸ.

ದ್ವೀಪದ ಹೆಸರು ಕಾಕಟೂ. ಜುಟ್ಟಿರುವ ಗಿಳಿಗೆ ಆಸ್ಟ್ರೇಲಿಯಾದಲ್ಲಿ ಇರುವ ಹೆಸರು ಅದು. ಪರಮಾಟ್ಟಾ ಮತ್ತು ಲೇನ್ ಕೋವ್ ನದಿಗಳು ಸೇರುವಲ್ಲಿ, ಸಿಡ್ನಿ ಬಂದರಿನ ಒಳಭಾಗದಲ್ಲಿದೆ. ಮೂಲತಃ ಸುಮಾರು 32 ಎಕರೆಯ ಬಂಡೆಗುಡ್ಡ. ಬದಿಯನ್ನು ಕಡಿದು, ಅದೇ ಕಲ್ಲು ಮಣ್ಣನ್ನು ನೀರಿಗೆ ತುಂಬಿ ತುಂಬಿ ಈಗ ಸುಮಾರು 44 ಎಕರೆಯಾಗಿದೆ. ಬಂದರಿನ ದ್ವೀಪಗಳಲ್ಲಿ ಇದೇ ದೊಡ್ಡದು. ಸೇತುವೆ ಇಲ್ಲ, ಫೆರಿ ದೋಣಿಯಲ್ಲೇ ಹೋಗಬೇಕು. ದ್ವೀಪಕ್ಕೆ ಕಾಲಿಡಲು ಟಿಕೆಟ್ ಇಲ್ಲ, ದೋಣಿಯ ಚಾರ್ಜು ಮಾತ್ರ.

ನಮಗೆ ಕಾಲಾಪಾನಿ ಎಂದರೆ ಅಂಡಮಾನ್. ಬ್ರಿಟನ್ನಿನ ಬಡವರಿಗೆ ಅಂಥ ಕಾಲಾಪಾನಿ ಆಸ್ಟ್ರೇಲಿಯಾ. ಅಲ್ಲಿಗೆ ಗಡೀಪಾರಾದವರು ಅಲ್ಲೂ ಮತ್ತೆ ತಪ್ಪು ಮಾಡಿದರೆ ಅವರನ್ನು ಇಡಲು ಇನ್ನೊಂದು ಜಾಗ ಬೇಕಲ್ಲ? 1839ರಲ್ಲಿ ಗವರ್ನರ್ ಜಾರ್ಜ್ ಗಿಪ್ಸ್ ಆರಿಸಿದ್ದು ಈ ದ್ವೀಪವನ್ನು. ಸುತ್ತ ನೀರು, ಬೇಲಿಯ ಖರ್ಚಿಲ್ಲ, ಊರಿಗೆ ಹತ್ತಿರವೂ ಹೌದು. ಕೈದಿಗಳೇ ಕಲ್ಲು ಒಡೆದು ತಮ್ಮನ್ನು ಕೂಡಿಹಾಕುವ ಜೈಲನ್ನು ತಾವೇ ಕಟ್ಟಿದರು.

ಅವರಿಂದ ಮಾಡಿಸಿದ ಇನ್ನೊಂದು ಕೆಲಸವನ್ನು ಸೊಲ್ಲಾಪುರ, ಜತ್ತ, ಅಕ್ಕಲಕೋಟೆ ಕಡೆಯ ಓದುಗರು ತಟ್ಟನೆ ಗುರುತಿಸಬಹುದು. ಬರಗಾಲದಲ್ಲಿ ಗೋಧಿ ಸಿಗದೆ ಕಂಗೆಟ್ಟಿದ್ದ ಗಿಪ್ಸ್, ಧಾನ್ಯ ಕೂಡಿಡಲು ಬಂಡೆಯಲ್ಲೇ ಗುಂಡಿ ತೋಡಿಸಿದ. ಮೇಲೆ ಸಣ್ಣ ಬಾಯಿ, ಒಳಗೆ ಹೂಜಿಯ ಹೊಟ್ಟೆಯಂತೆ ಅಗಲ, ಸುಮಾರು 20 ಅಡಿ ಆಳ. ನಮ್ಮ ಹಗೇವಿನ ಕಲ್ಲಿನ ರೂಪ ಎನ್ನಬೇಕು. ಇಂಥ ಸುಮಾರು 20 ಹಗೇವುಗಳನ್ನು ಕೈದಿಗಳು ಉಳಿ ಸುತ್ತಿಗೆಯಿಂದ ತೋಡಿದರು. ಇಷ್ಟೆಲ್ಲ ಆದ ಮೇಲೆ ಲಂಡನ್ನಿನಿಂದ ಬಂದ ಆಜ್ಞೆ ಏನು? ಸರ್ಕಾರ ಧಾನ್ಯ ಕೂಡಿಟ್ಟರೆ ಮಾರುಕಟ್ಟೆಯಲ್ಲಿ ಕೈಹಾಕಿದಂತಾಗುತ್ತದೆ, ನಿಲ್ಲಿಸಿ ಎಂದು! ಗೋಧಿ ಹೋಯಿತು, ಗುಂಡಿಗಳು ಉಳಿದವು. ಕೆಲವನ್ನು ಮುಂದೆ ಕಾರ್ಖಾನೆಗಾಗಿ ಬಂಡೆ ಕಡಿಯುವಾಗ ಅರ್ಧಕ್ಕೆ ಸೀಳಲಾಯಿತು. ಇಂದು ಬಂಡೆಯ ಗೋಡೆಯಲ್ಲಿ ಅರ್ಧ ಹೂಜಿಯ ಆಕಾರ ಬಯಲಾಗಿ ಕಾಣುವುದು ಅದರಿಂದಲೇ.

1847ರಿಂದ 1857ರವರೆಗೆ ಹತ್ತು ವರ್ಷ ಕೈದಿಗಳು ದುಡಿದದ್ದು ಫಿಟ್ಜ್‌ರಾಯ್ ಡ್ರೈ ಡಾಕ್ ಕಟ್ಟುವುದಕ್ಕೆ. ಡ್ರೈ ಡಾಕ್ ಎಂದರೆ ಹಡಗಿನ ತಳ ರಿಪೇರಿಗೆ ಬೇಕಾದ ದೊಡ್ಡ ಕಲ್ಲಿನ ತೊಟ್ಟಿ. ಹಡಗು ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರನ್ನು ಪಂಪಿನಿಂದ ಹೊರಹಾಕಿದರೆ ಹಡಗು ಒಣ ನೆಲದ ಮೇಲೆ ನಿಲ್ಲುತ್ತದೆ. ಇದರ ಉಸ್ತುವಾರಿ ಗೋಥರ್ ಕರ್ ಮಾನ್ ಎಂಬ ಎಂಜಿನಿಯರನದು. ಕೈದಿಗಳು ಸೊಂಟದವರೆಗಿನ ನೀರಿನಲ್ಲಿ ನಿಂತು ಬಂಡೆ ಒಡೆದರೆಂದರೆ ಅಲ್ಲಿಯ ದುಡಿಮೆ ಹೇಗಿತ್ತೆಂದು ಊಹಿಸಿಕೊಳ್ಳಬಹುದು. ರಾತ್ರಿ ಅವರನ್ನು ತುಂಬುತ್ತಿದ್ದ ಕೊಠಡಿಗಳಲ್ಲಿ ಉಸಿರಾಡುವುದೇ ಕಷ್ಟವಾಗಿತ್ತು. 1861ರಲ್ಲಿ ಹೆನ್ರಿ ಪಾರ್ಕ್ಸ್ ಅಧ್ಯಕ್ಷತೆಯ ಶಾಸಕರ ಸಮಿತಿ ಇದನ್ನೆಲ್ಲ ಬಯಲಿಗೆಳೆಯಿತು. 1863ರ ಸೆಪ್ಟೆಂಬರಿನಲ್ಲಿ ಫ್ರೆಡರಿಕ್ ವಾರ್ಡ್ ಎಂಬ ಕೈದಿ ಈಜಿ ತಪ್ಪಿಸಿಕೊಂಡು ಮುಂದೆ ‘ಕ್ಯಾಪ್ಟನ್ ಥಂಡರ್‌ಬೋಲ್ಟ್’ ಎಂಬ ಹೆಸರಿನ ದಾರಿದರೋಡೆಗಾರನಾದ. ಅವನ ಕಥೆ ಕೇಳದ ಆಸ್ಟ್ರೇಲಿಯಾದ ಮಕ್ಕಳು ಕಡಿಮೆ. ಪ್ರವಾಸಿಗಳಿಗೂ ಆ ಕಥೆಯೇ ಇಷ್ಟ, ಹತ್ತು ವರ್ಷ ಕಲ್ಲು ಒಡೆದವರ ಹೆಸರು ಯಾರಿಗೆ ಬೇಕು?

1869ರಲ್ಲಿ ಕೈದಿಗಳನ್ನು ಡಾರ್ಲಿಂಗ್‌ಹರ್ಸ್ಟ್ ಜೈಲಿಗೆ ಸಾಗಿಸಲಾಯಿತು. ದ್ವೀಪಕ್ಕೆ ಬೇರೆ ಹೆಸರು ಇಟ್ಟರು, ಬಿಲೋಯೆಲಾ. ಅದೂ ಒಂದು ಕಪ್ಪು ಕಾಕಟೂ ಹಕ್ಕಿಗೆ ಮೂಲನಿವಾಸಿಗಳ ಮಾತಿನಲ್ಲಿರುವ ಹೆಸರೇ. ಜೈಲಿನ ಕೆಟ್ಟ ಹೆಸರು ಮರೆಯಾಗಲಿ ಎಂಬ ಉಪಾಯ. 1871ರಲ್ಲಿ ಅದೇ ಜೈಲಿನ ಕೊಠಡಿಗಳಿಗೆ ಬಂದವರು ಅನಾಥ ಹೆಣ್ಣುಮಕ್ಕಳು, ಬೀದಿಯಲ್ಲಿ ಸಿಕ್ಕವರು, ಸಣ್ಣಪುಟ್ಟ ಕಳ್ಳತನದಲ್ಲಿ ಸಿಕ್ಕಿಬಿದ್ದವರು. ಬೋರ್ಡು ‘ಕೈಗಾರಿಕಾ ಶಾಲೆ’ಯದು, ಗೋಡೆ ಜೈಲಿನದು. ಹುಡುಗರಿಗೆ ಪಕ್ಕದ ನೀರಿನಲ್ಲಿ ಲಂಗರು ಹಾಕಿದ್ದ ತರಬೇತಿ ಹಡಗು. ಮೊದಲು ವೆರ್ನನ್, ಆಮೇಲೆ ಸೋಬ್ರಾನ್. ಈ ಸೋಬ್ರಾನ್ ಎಂಬ ಹೆಸರು ಬಂದದ್ದು ನಮ್ಮ ಪಂಜಾಬಿನಿಂದ: 1846ರಲ್ಲಿ ಸಟ್ಲೆಜ್ ದಂಡೆಯ ಸೋಬ್ರಾನ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿ ಸಿಖ್ಖರನ್ನು ಸೋಲಿಸಿದ ಯುದ್ಧದ ನೆನಪು. ಒಂದು ಕಡೆ ಗೆದ್ದ ಯುದ್ಧದ ಹೆಸರನ್ನು ಹೊತ್ತ ಹಡಗಿನಲ್ಲಿ ಇನ್ನೊಂದು ಕಡೆಯ ಬಡ ಮಕ್ಕಳನ್ನು ‘ಸುಧಾರಿಸಿದರು’.

1890ರಲ್ಲಿ ಎರಡನೆಯ ಡ್ರೈ ಡಾಕ್ ಸದರ್ಲೆಂಡ್ ಮುಗಿಯಿತು. ಆಗ ಜಗತ್ತಿನ ದೊಡ್ಡ ಡಾಕ್‌ಗಳಲ್ಲಿ ಅದೂ ಒಂದು. 1913ರಲ್ಲಿ ಹೊಸ ಕೇಂದ್ರ ಸರ್ಕಾರ ದ್ವೀಪವನ್ನು ಕೈಗೆ ತೆಗೆದುಕೊಂಡು ನೌಕಾಪಡೆಯ ಹಡಗುಕಟ್ಟೆ ಮಾಡಿತು. ಎರಡನೆಯ ಮಹಾಯುದ್ಧದಲ್ಲಿ 1942ರ ಫೆಬ್ರವರಿಯಲ್ಲಿ ಸಿಂಗಾಪುರ ಬಿದ್ದ ಮೇಲೆ ಆ ಭಾಗದ ಪೆಸಿಫಿಕ್‌ನಲ್ಲಿ ಮಿತ್ರಪಡೆಗಳ ಮುಖ್ಯ ರಿಪೇರಿ ಕೇಂದ್ರ ಇದಾಯಿತು. ಜಪಾನಿನ ಟಾರ್ಪಿಡೊ ಬಡಿದು ಮೂತಿಯೇ ಕಳಚಿಹೋದ ಅಮೆರಿಕದ ನ್ಯೂ ಓರ್ಲಿಯನ್ಸ್ ಯುದ್ಧನೌಕೆ ಅದೇ ವರ್ಷದ ಕೊನೆಗೆ ಇಲ್ಲಿಗೆ ಬಂತು. ಇಲ್ಲಿಯ ಕೆಲಸಗಾರರು ಅದಕ್ಕೆ ತಾತ್ಕಾಲಿಕ ಮುಂಭಾಗ ಕೂರಿಸಿ ಕಳಿಸಿದರು. ಸಾವಿರಾರು ಮಂದಿ ದಿನಾ ದೋಣಿಯಲ್ಲಿ ಬಂದು ಪಾಳಿ ಮುಗಿಸಿ ಹೋಗುತ್ತಿದ್ದರು. ದಡದ ಬಾಲ್ಮೈನ್‌ನಂಥ ಬಡಾವಣೆಗಳು ಬೆಳೆದದ್ದೂ ಇಂಥ ಕೆಲಸಗಾರರಿಂದ.

ಈ ದುಡಿಮೆಯ ಕೊನೆ ಸದ್ದಿಲ್ಲದೆ ಆಗಲಿಲ್ಲ. 1987ರಲ್ಲಿ ಸರ್ಕಾರ ದ್ವೀಪವನ್ನು ಮಾರುವುದಾಗಿ ಹೇಳಿತು. 1989ರಲ್ಲಿ ಕೆಲಸಗಾರರು ವಾರಗಟ್ಟಲೆ ದ್ವೀಪವನ್ನು ಬಿಡದೆ ಮುಷ್ಕರ ಹೂಡಿದರು. ಫಲ ಸಿಗಲಿಲ್ಲ. ಕೊನೆಗೆ ಯಂತ್ರಗಳನ್ನು ಹರಾಜು ಹಾಕಿದರು, ಹಲವಾರು ಕಟ್ಟಡಗಳನ್ನು ಕೆಡವಿದರು, 1992ರ ಹೊತ್ತಿಗೆ ಬಾಗಿಲು ಮುಚ್ಚಿತು. ಆಮೇಲೆ ಸುಮಾರು ಹತ್ತು ವರ್ಷ ದ್ವೀಪ ಸೀಗಲ್ ಹಕ್ಕಿಗಳ ಪಾಲು.

ಸಿಡ್ನಿಯಲ್ಲಿ ನೀರಿನಂಚಿನ ನೆಲಕ್ಕೆ ಇರುವ ಬೆಲೆ ನೋಡಿದರೆ ಇಲ್ಲಿ ಶ್ರೀಮಂತರ ಅಪಾರ್ಟ್‌ಮೆಂಟುಗಳು ಏಳಬೇಕಿತ್ತು. ಏಳಲಿಲ್ಲ. ಕಾರಣ ಸರ್ಕಾರದ ಔದಾರ್ಯವಲ್ಲ. ಸೇನೆಗೆ ಬೇಡವಾದ ಬಂದರು ದಡದ ಜಮೀನುಗಳನ್ನೆಲ್ಲ ಮಾರುವ ಮಾತು ಬಂದಾಗ ದಡದ ನಿವಾಸಿಗಳು ಬಿಡದೆ ಚಳವಳಿ ನಡೆಸಿದರು. ಕೊನೆಗೆ 2001ರಲ್ಲಿ ಸಂಸತ್ತು ಕಾಯ್ದೆ ಮಾಡಿ ಸಿಡ್ನಿ ಹಾರ್ಬರ್ ಫೆಡರೇಷನ್ ಟ್ರಸ್ಟ್ ಎಂಬ ಸಂಸ್ಥೆ ಸ್ಥಾಪಿಸಿ, ಈ ದ್ವೀಪವನ್ನೂ ಇತರ ಸೇನಾ ಜಮೀನುಗಳನ್ನೂ ಅದರ ವಶಕ್ಕೆ ಕೊಟ್ಟಿತು. ಟ್ರಸ್ಟ್ ಬಾಡಿಗೆಗೆ ಕೊಡಬಹುದು, ಮಾರಿ ಕೈತೊಳೆದುಕೊಳ್ಳುವಂತಿಲ್ಲ. ಮೊದಲು ತಾತ್ಕಾಲಿಕ ಎಂದೇ ಇದ್ದ ಈ ಸಂಸ್ಥೆಯನ್ನು 2021ರ ತಿದ್ದುಪಡಿ ಕಾಯಂ ಮಾಡಿತು. ಕಾಕಟೂವಿನ ಕಥೆಯಲ್ಲಿ ಕಲೆ, ಸಂಗೀತ, ಸಿನಿಮಾ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಕೊಚ್ಚಿಯ ಬಿನಾಲೆಗೆ ಮನೆಯಾದ ಆಸ್ಪಿನ್‌ವಾಲ್ ಹೌಸ್ 2012ರಲ್ಲಿ ಖಾಸಗಿ ಕಂಪನಿಯ ಸ್ವತ್ತಾಗಿತ್ತು ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಬೇರೆಯವರ ಮನೆಯಲ್ಲಿ ಹಬ್ಬ ಮಾಡುವವರಿಗೆ ಪ್ರತಿ ಬಾರಿಯೂ ಕೀಲಿಕೈಯ ಚಿಂತೆ.

ಟ್ರಸ್ಟ್ ಮಾಡಿದ ಇನ್ನೊಂದು ಜಾಣತನ, ಎಲ್ಲವನ್ನೂ ಹೊಸದಾಗಿ ಹೊಳೆಯಿಸಲು ಹೋಗದೇ ಇದ್ದದ್ದು. ಸೀಸ, ಕಲ್ನಾರು ಮುಂತಾದ ವಿಷ ಸೇರಿದ ಮಣ್ಣನ್ನೂ ಕಟ್ಟಡಗಳನ್ನೂ ಚೊಕ್ಕಟ ಮಾಡಿದರು, ಬೀಳುವ ಗೋಡೆ ಚಾವಣಿಗಳನ್ನು ಭದ್ರ ಮಾಡಿದರು. ಆದರೆ ತುಕ್ಕು ಹಿಡಿದ ಕ್ರೇನುಗಳು ಅಲ್ಲೇ ನಿಂತಿವೆ, ಟರ್ಬೈನ್ ಷೆಡ್ಡಿನ ನೆಲದಲ್ಲಿ ಎಣ್ಣೆಯ ಕಲೆ ಹಾಗೆಯೇ ಇದೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ದಾಳಿಯಿಂದ ರಕ್ಷಣೆಗೆ ಬಳಸಿದ್ದ ಸುರಂಗದಲ್ಲಿ ಈಗ ಜನ ಈ ಬದಿಯಿಂದ ಆ ಬದಿಗೆ ನಡೆದು ಹೋಗುತ್ತಾರೆ. 2007ರಲ್ಲಿ ದ್ವೀಪ ನಿತ್ಯವೂ ತೆರೆಯಿತು. 2008ರಲ್ಲಿ ನೀರಿನಂಚಿಗೆ ಗುಡಾರಗಳು ಬಂದವು, ಜನ ರಾತ್ರಿ ಉಳಿಯತೊಡಗಿದರು. ಹಳೆಯ ಅಧಿಕಾರಿಗಳ ಮನೆಗಳು ಬಾಡಿಗೆಗೆ ಸಿಗುತ್ತವೆ. ಅದೇ ವರ್ಷ ಸಿಡ್ನಿ ಬಿನಾಲೆ ಇಲ್ಲಿಗೆ ಬಂತು. 2010ರ ಬಿನಾಲೆಯಲ್ಲಿ ಚೀನಾದ ಕಲಾವಿದ ತ್ಸೈ ಗುವೊ-ಚಿಯಾಂಗ್ ಟರ್ಬೈನ್ ಷೆಡ್ಡಿನಲ್ಲಿ ನಿಜವಾದ ಕಾರುಗಳನ್ನೇ ಗಾಳಿಯಲ್ಲಿ ತೂಗುಹಾಕಿ, ಬಾಂಬ್ ಸಿಡಿದು ಪಲ್ಟಿಯಾಗುತ್ತಿರುವ ಕಾರಿನ ಹಂತ ಹಂತದ ನೋಟ ತೋರಿಸಿದ. ಇಷ್ಟು ದೊಡ್ಡ ಕೆಲಸಕ್ಕೆ ಊರಿನ ಯಾವ ಗ್ಯಾಲರಿಯಲ್ಲೂ ಜಾಗ ಸಿಗುವುದು ಕಷ್ಟ. ಅದೇ 2010ರಲ್ಲಿ ಯುನೆಸ್ಕೊ, ಆಸ್ಟ್ರೇಲಿಯಾದ 11 ಕೈದಿ ತಾಣಗಳನ್ನು ಒಟ್ಟಾಗಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಕಾಕಟೂ ಅವುಗಳಲ್ಲಿ ಒಂದಾಯಿತು.

ಇಲ್ಲಿಯವರೆಗೆ ಕೇಳಿದರೆ ಎಲ್ಲವೂ ಸುಖಾಂತ. ಆದರೆ ದ್ವೀಪ ಹಾಗೆ ಸುಮ್ಮನೆ ಮರೆಯುವ ಜಾಗವಲ್ಲ.

2014ರಲ್ಲಿ ಬಿನಾಲೆ ಶುರುವಾಗುವ ಮುನ್ನ ಕಲಾವಿದರು ಒಂದು ಪ್ರಶ್ನೆ ಎತ್ತಿದರು. ಬಿನಾಲೆಗೆ ಹಣ ಕೊಡುವವರಲ್ಲಿ ಟ್ರಾನ್ಸ್‌ಫೀಲ್ಡ್ ಮುಖ್ಯ. 1973ರಲ್ಲಿ ಬಿನಾಲೆ ಹುಟ್ಟಿದ್ದೇ ಆ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಫ್ರಾಂಕೊ ಬೆಲ್ಜೊರ್ನೊ-ನೆಟ್ಟಿಸ್ ಅವರಿಂದ. ಅದೇ ಹೆಸರು ಹೊತ್ತ, ಅದೇ ಮೂಲದ ಟ್ರಾನ್ಸ್‌ಫೀಲ್ಡ್ ಸರ್ವಿಸಸ್ ಆಗ ನೌರು ಮತ್ತು ಮಾನುಸ್ ದ್ವೀಪಗಳಲ್ಲಿ ನಿರಾಶ್ರಿತರನ್ನು ಕೂಡಿಡುವ ಶಿಬಿರಗಳ ಗುತ್ತಿಗೆ ಹಿಡಿದಿತ್ತು. ದೋಣಿಯಲ್ಲಿ ಬಂದವರನ್ನು ದೂರದ ದ್ವೀಪದಲ್ಲಿ ಕೂಡಿಹಾಕುವ ದುಡ್ಡಿನ ನೆರಳಿನಲ್ಲಿ, ಹಿಂದೆ ದೋಣಿಯಲ್ಲಿ ತಂದವರನ್ನು ಕೂಡಿಹಾಕಿದ ದ್ವೀಪದ ಮೇಲೆ ಕಲೆ ತೋರಿಸುವುದೇ? ಒಂಬತ್ತು ಕಲಾವಿದರು ಹಿಂದೆ ಸರಿದರು. ಮಾರ್ಚಿಯಲ್ಲಿ ಬಿನಾಲೆಯ ಅಧ್ಯಕ್ಷ, ಸ್ಥಾಪಕರ ಮಗ ಲೂಕಾ ಬೆಲ್ಜೊರ್ನೊ-ನೆಟ್ಟಿಸ್ ರಾಜೀನಾಮೆ ಕೊಟ್ಟರು, ಬಿನಾಲೆ ಆ ಕಂಪನಿಯ ನಂಟು ಕಡಿದುಕೊಂಡಿತು, ಬಿಟ್ಟುಹೋದವರಲ್ಲಿ ಕೆಲವರು ಮರಳಿದರು. ಸರ್ಕಾರಕ್ಕೆ ಸಿಟ್ಟು ಬಂತು. ಖಾಸಗಿ ಪ್ರಾಯೋಜಕರನ್ನು ನೆಪವಿಲ್ಲದೆ ತಳ್ಳುವ ಸಂಸ್ಥೆಗಳಿಗೆ ಸರ್ಕಾರಿ ಅನುದಾನ ಏಕೆ ಎಂದು ಆಗಿನ ಸಚಿವ ಜಾರ್ಜ್ ಬ್ರಾಂಡಿಸ್ ಕೇಳಿದರು. ಈ ಜಗಳದಲ್ಲಿ ಸಚಿವರ ಮಾತು ಪೂರ್ತಿ ಪೊಳ್ಳು ಎನ್ನಲಾಗದು, ಕಲೆಗೆ ಹಣ ಎಲ್ಲಿಂದಲಾದರೂ ಬರಲೇಬೇಕು. ಆದರೆ ಕೈದಿಗಳ ದ್ವೀಪವನ್ನು ವಿಶ್ವ ಪರಂಪರೆ ಎಂದು ಮೆರೆಸುವ ದೇಶ ತನ್ನ ಇಂದಿನ ಕೈದಿಗಳ ಬಗ್ಗೆ ಅದೇ ದ್ವೀಪದಲ್ಲಿ ಪ್ರಶ್ನೆ ಬಂದಾಗ ಮುನಿಸಿಕೊಂಡರೆ ಆ ಪರಂಪರೆಯ ಫಲಕಕ್ಕೆ ಏನು ಅರ್ಥ?

ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. 2018ರ ಬಿನಾಲೆಯಲ್ಲಿ ಐ ವೇವೇ 60 ಮೀಟರ್ ಉದ್ದದ ರಬ್ಬರ್ ದೋಣಿಯನ್ನು ಗಾಳಿ ತುಂಬಿ ಇದೇ ದ್ವೀಪದ ಹಳೆಯ ಕಾರ್ಖಾನೆಯೊಳಗೆ ನಿಲ್ಲಿಸಿದ. ಅದರ ತುಂಬ ಮುಖವಿಲ್ಲದ ಸುಮಾರು 300 ಮನುಷ್ಯಾಕೃತಿಗಳು. ಅದನ್ನು ನೋಡಲು ಬಂದವರೂ ದೋಣಿ ಹತ್ತಿಯೇ ಬರಬೇಕಾಗಿತ್ತು.

ಇನ್ನು ಹಳೆಯ ಬಾಕಿ. ಗಿಪ್ಸ್ ಬರುವ ಮೊದಲೂ ಈ ಗುಡ್ಡಕ್ಕೆ ಹೆಸರಿತ್ತು, ವಾರೇಮಾ. ಇದು ಹೆಂಗಸರಿಗೆ ಸೇರಿದ ನೆಲ ಎಂದು ಮೂಲನಿವಾಸಿಗಳಲ್ಲಿ ಹೇಳುವವರಿದ್ದಾರೆ. ಹಾಗಾದರೆ 1871ರಲ್ಲಿ ಇಲ್ಲಿ ಹೆಣ್ಣುಮಕ್ಕಳನ್ನು ಜೈಲಿನ ಕೋಣೆಯಲ್ಲಿ ಬೀಗ ಹಾಕಿ ಇಟ್ಟದ್ದಕ್ಕೆ ಇನ್ನೊಂದು ಅರ್ಥ ಬರುತ್ತದೆ. 2000ದ ನವೆಂಬರಿನಲ್ಲಿ, ಅಂದರೆ ಸಿಡ್ನಿ ಒಲಿಂಪಿಕ್ಸ್ ಮುಗಿದು ತಿಂಗಳಾದ ಮೇಲೆ, ಮೂಲನಿವಾಸಿ ಹೋರಾಟಗಾರ್ತಿ ಇಸಬೆಲ್ ಕೋ ಅವರ ಮುಂದಾಳುತನದಲ್ಲಿ ಒಂದು ಗುಂಪು ದ್ವೀಪಕ್ಕೆ ಬಂದು ಬೀಡುಬಿಟ್ಟು, ಈ ನೆಲ ನಮ್ಮದು ಎಂದು ಸಾರಿತು. ಮಾತು ಕೋರ್ಟಿಗೆ ಹೋಯಿತು. 2001ರಲ್ಲಿ ಅವರು ದ್ವೀಪ ಬಿಡಬೇಕಾಯಿತು. ಜನರಿಗಾಗಿ ಟ್ರಸ್ಟ್ ಹುಟ್ಟಿದ್ದೂ ಅದೇ 2001ರಲ್ಲಿ. ‘ಜನ’ ಎಂದರೆ ಯಾರು ಎಂಬ ಪ್ರಶ್ನೆ ಹೀಗೆ ಮೊದಲ ದಿನದಿಂದಲೇ ಜೊತೆಗಿದೆ.

ಈಗ ಟ್ರಸ್ಟ್ ಎರಡು ಹೆಸರುಗಳನ್ನೂ ಒಟ್ಟಿಗೆ ಬರೆಯುತ್ತದೆ, ಕಾಕಟೂ ಮತ್ತು ವಾರೇಮಾ. ಹೆಸರಿನಲ್ಲಿ ಏನಿದೆ ಎಂದು ಗಡಿನಾಡಿನವರು ಕೇಳುವುದಿಲ್ಲ. ಕಾಸರಗೋಡಿನ ಊರ ಹೆಸರುಗಳನ್ನು ಬದಲಿಸುತ್ತಾರೆ ಎಂಬ ಸುದ್ದಿ 2021ರಲ್ಲಿ ಹಬ್ಬಿದಾಗ ಎಷ್ಟು ಪತ್ರ, ಎಷ್ಟು ಹೇಳಿಕೆ ಹೊರಟವೆಂಬುದು ಇಲ್ಲಿಯವರಿಗೆ ನೆನಪಿದೆ. ಕೇರಳ ಸರ್ಕಾರ ಅಂಥ ಯೋಚನೆಯೇ ಇಲ್ಲ ಎಂದಿತು, ಮಾತು ತಣ್ಣಗಾಯಿತು. ಒಂದೇ ಬೋರ್ಡಿನಲ್ಲಿ ಎರಡು ಹೆಸರಿಗೆ ಜಾಗವಿದೆ ಎನ್ನುವುದು ಎರಡು ಭಾಷೆಯಲ್ಲಿ ಸಂತೆ ಮಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಬೋರ್ಡು ಬರೆಯುವುದು ಸುಲಭ, ಯಾವ ಕಟ್ಟಡ ಯಾರ ಕೈಯಲ್ಲಿ ಇರಬೇಕು ಎಂದು ಕೂತು ಮಾತಾಡುವುದು ಕಷ್ಟ. ದ್ವೀಪದ ಮುಂದಿನ ಯೋಜನೆ ಮಾಡುವಾಗ ಮೂಲನಿವಾಸಿಗಳ ಮಾತು ಕೇಳುತ್ತೇವೆ ಎಂದು ಟ್ರಸ್ಟ್ ಹೇಳಿದೆ. ಕೇಳಿದ್ದರಲ್ಲಿ ಎಷ್ಟು ನಡೆಯುತ್ತದೆ ಎನ್ನುವುದೇ ಅಳತೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಥೆ ತಿರುವುಮುರುವಾದ ದ್ವೀಪವೂ ಒಂದುಂಟು. ಕಾರವಾರದ ಎದುರಿಗಿದ್ದರೂ ಆಡಳಿತದಲ್ಲಿ ಗೋವಾಕ್ಕೆ ಸೇರಿದ ಅಂಜುದೀವ್. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ ನೆಲ, 1961ರ ಡಿಸೆಂಬರಿನಲ್ಲಿ ಅದನ್ನು ಬಿಡಿಸಿಕೊಳ್ಳುವಾಗ ಭಾರತೀಯ ನೌಕಾಪಡೆಯ ನಾವಿಕರು ಜೀವ ತೆತ್ತ ನೆಲ. ಅಲ್ಲಿರುವ ಹಳೆಯ ಚರ್ಚಿನ ವಾರ್ಷಿಕ ಹಬ್ಬಕ್ಕೆ ಗೋವಾ, ಕಾರವಾರದ ಕಡೆಯಿಂದ ಜನ ದೋಣಿಯಲ್ಲಿ ಹೋಗುತ್ತಿದ್ದರು. ಸೀಬರ್ಡ್ ಯೋಜನೆಯಲ್ಲಿ ಅಲೆತಡೆ ಗೋಡೆ ದ್ವೀಪವನ್ನು ದಡಕ್ಕೆ ಜೋಡಿಸಿತು, ದ್ವೀಪ ನೌಕಾನೆಲೆಯ ಭಾಗವಾಯಿತು, ಮೊದಲಿನ ಹಾಗೆ ಬೇಕೆಂದಾಗ ಹೋಗುವಂತಿಲ್ಲ. ರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯರು. ಕಾಕಟೂ ಕೂಡ 70 ವರ್ಷಕ್ಕಿಂತ ಹೆಚ್ಚು ಹಾಗೆಯೇ ಬೇಲಿಯೊಳಗಿತ್ತು. ಬೇಲಿ ತೆಗೆಯುವ ದಿನ ಬಂದಾಗ ನೆಲ ಯಾರ ಕೈಗೆ ಹೋಗುತ್ತದೆ ಎಂಬುದಕ್ಕೆ ಮೊದಲೇ ಕಾಯ್ದೆ ಇದ್ದರೆ ಒಳ್ಳೆಯದು.

ಕೊನೆಗೆ ದುಡ್ಡಿನ ಮಾತು. ದ್ವೀಪಕ್ಕೆ ಪ್ರವೇಶ ಉಚಿತ. ಗುಡಾರದ ಬಾಡಿಗೆ, ಸಂಗೀತ ಕಾರ್ಯಕ್ರಮ, ಮದುವೆ, ಸಿನಿಮಾ ಚಿತ್ರೀಕರಣ ಇವುಗಳಿಂದ ಬರುವ ಆದಾಯದಿಂದ ದಿನನಿತ್ಯದ ಖರ್ಚು ತೂಗಿಸಬಹುದು. ಆದರೆ ಉಪ್ಪುಗಾಳಿಗೆ ಉದುರುವ ಮರಳುಗಲ್ಲು, ತುಕ್ಕು ತಿನ್ನುವ ಕ್ರೇನು, ಕುಸಿಯುವ ಧಕ್ಕೆಯ ಗೋಡೆ, ಇವು ಬಾಡಿಗೆಯ ದುಡ್ಡಿಗೆ ಬಗ್ಗುವ ಕೆಲಸವಲ್ಲ. 2020ರ ಸ್ವತಂತ್ರ ಪರಿಶೀಲನಾ ವರದಿ ಇದನ್ನೇ ಹೇಳಿತು: ಟ್ರಸ್ಟಿನ ಕೈಯಲ್ಲಿರುವ ತಾಣಗಳ ದುರಸ್ತಿ ಬಾಕಿ ಬೆಟ್ಟದಷ್ಟಿದೆ, ಸರ್ಕಾರ ಕೈ ಹಾಕದೆ ಆಗದು. ಖಾಸಗಿಯವರಿಗೆ ದೀರ್ಘಕಾಲದ ಲೀಸು ಕೊಡಿ ಎನ್ನುವವರೂ, ಕೊಟ್ಟರೆ ಹಿಂಬಾಗಿಲಿನಿಂದ ಮಾರಿದಂತೆಯೇ ಎನ್ನುವವರೂ ಆಗ ಎದುರುಬದುರಾದರು. ಎರಡನೆಯವರ ಅನುಮಾನಕ್ಕೆ ಕಾರಣ ಉಂಟು. ಒಮ್ಮೆ ಲೀಸು ಕೊಟ್ಟ ಧಕ್ಕೆಗೆ ಸಾಮಾನ್ಯ ಜನರ ದೋಣಿ ಬಂದು ನಿಲ್ಲುವುದು ನಿಧಾನವಾಗಿ ಕಡಿಮೆಯಾಗುವುದನ್ನು ಯಾವ ಬಂದರಿನಲ್ಲೂ ನೋಡಬಹುದು.

ಕಲೆ ಎಲ್ಲಕ್ಕೂ ಮದ್ದು ಎಂದು ನಂಬಿದವರಿಗೆ ಬಿನಾಲೆಯೇ ಪಾಠ ಹೇಳಿದೆ. 2008ರಿಂದ 2020ರವರೆಗೆ ದ್ವೀಪಕ್ಕೆ ಜನರನ್ನು ಕರೆತಂದ ಆ ಉತ್ಸವ 2022ರಲ್ಲಿ ಊರಿನ ಬೇರೆ ಕಡೆ ನಡೆಯಿತು. 2024ರಲ್ಲಿ ಅದರ ಮುಖ್ಯ ಜಾಗ ವೈಟ್ ಬೇ ಎಂಬಲ್ಲಿ ಮುಚ್ಚಿಹೋಗಿದ್ದ ಹಳೆಯ ವಿದ್ಯುತ್ ಸ್ಥಾವರ. ಅದೂ ನೀರಿನಂಚಿನಲ್ಲೇ ಇದೆ, ಆದರೆ ಅಲ್ಲಿಗೆ ರಸ್ತೆ ಉಂಟು. ದ್ವೀಪಕ್ಕೆ ಮಾತ್ರ ಕುರ್ಚಿಯಿಂದ ಹಿಡಿದು ದೀಪದವರೆಗೆ ಎಲ್ಲ ಸಾಮಾನನ್ನೂ ಬಾರ್ಜಿನಲ್ಲೇ ಸಾಗಿಸಬೇಕು. ಫೆರಿ ಎಂದಿನಂತೆ ನಿಲ್ಲುತ್ತಿದೆ. ಉತ್ಸವವಿಲ್ಲದ ದಿನ ಇಳಿಯುವವರಲ್ಲಿ ಶಾಲೆಯ ಮಕ್ಕಳು, ಗುಡಾರಕ್ಕೆ ಬಂದ ಕುಟುಂಬಗಳು ಇರುತ್ತವೆ. ಟರ್ಬೈನ್ ಷೆಡ್ಡು ಖಾಲಿ ಇದ್ದರೂ ಬಂಡೆಯಲ್ಲಿ ಸೀಳಿದ ಹಗೇವು ಕಾಣಸಿಗುತ್ತದೆ.